‘ಎಲ್ಲ ಕಾರುಗಳಲ್ಲೂ ಹೀಗೇ ಇರುತ್ತದೆ’ ಎಂದರೆ ಸಾಲದು

ನಮಸ್ಕಾರ. ಹೊಸ ಸೆಡಾನ್ ಕೊಂಡು, ಮೊದಲ ಸರ್ವಿಸ್ ಬರುವ ಮೊದಲೇ ಸರ್ವಿಸ್ ಸೆಂಟರಿಗೆ ಅಲೆಯಬೇಕಾಗಿ ಬಂದ ಮಾಲೀಕರ ಪರವಾಗಿ ಇವತ್ತು ಮಾತನಾಡುತ್ತಿದ್ದೇನೆ. ಡ್ಯಾಶ್‌ಬೋರ್ಡಿನ ಒಳಗೆಲ್ಲೋ ಕಟಕಟ ಸದ್ದು. ನೇರ ರಸ್ತೆಯಲ್ಲೂ ಎಡಕ್ಕೆ ಎಳೆಯುವ ಸ್ಟೇರಿಂಗ್. ಒಂದು ಬದಿಯಲ್ಲಿ ಬೆರಳು ತೂರುವಷ್ಟು, ಇನ್ನೊಂದು ಬದಿಯಲ್ಲಿ ಉಗುರೂ ಹೋಗದಷ್ಟು ಸಂದು ಬಿಟ್ಟುಕೊಂಡಿರುವ ಡಿಕ್ಕಿಯ ಬಾಗಿಲು. ರಿವರ್ಸ್ ಗೇರ್ ಹಾಕಿದೊಡನೆ ಕಪ್ಪಾಗುವ ಪರದೆ. ಇದನ್ನೆಲ್ಲ ಹೇಳಿಕೊಂಡು ಹೋದವರಿಗೆ ಸಿಗುವ ಉತ್ತರ ಬಹುತೇಕ ಒಂದೇ: ‘ಈ ಮಾಡೆಲ್‌ನಲ್ಲಿ ಎಲ್ಲ ಕಾರುಗಳಲ್ಲೂ ಹೀಗೇ ಇರುತ್ತದೆ ಸರ್.’ ಈ ಮಾತನ್ನು ಉತ್ತರವೆಂದು ನಾನು ಒಪ್ಪುವುದಿಲ್ಲ. ಎಲ್ಲ ಕಾರುಗಳಲ್ಲೂ ಇದ್ದರೆ ದೋಷ ಚಿಕ್ಕದಾಗುವುದಿಲ್ಲ, ದೊಡ್ಡದಾಗುತ್ತದೆ.

ಹೊಸ ಕಾರಿನಲ್ಲಿ ದೋಷವೇ ಇರಬಾರದು ಎಂದು ಹಟ ಹಿಡಿಯುತ್ತಿಲ್ಲ. ಸಣ್ಣ ತಿರುಪನ್ನೂ ಲೆಕ್ಕಕ್ಕೆ ಹಿಡಿದರೆ ಒಂದು ಕಾರಿನಲ್ಲಿ ಸುಮಾರು 30,000 ಬಿಡಿಭಾಗಗಳಿರುತ್ತವೆ. ಅವು ಬೇರೆ ಬೇರೆ ಕಾರ್ಖಾನೆಗಳಲ್ಲಿ ತಯಾರಾಗಿ ಬಂದು ಒಂದೇ ಸಾಲಿನಲ್ಲಿ ಜೋಡಣೆಯಾಗುತ್ತವೆ. ಅಮೆರಿಕದಲ್ಲಿ ಜೆ.ಡಿ. ಪವರ್ ಸಂಸ್ಥೆ 1987ರಿಂದ ಹೊಸ ಕಾರುಗಳ ಗುಣಮಟ್ಟದ ಸಮೀಕ್ಷೆ ನಡೆಸುತ್ತಿದೆ. ಕೊಂಡ ಮೊದಲ 90 ದಿನಗಳಲ್ಲಿ ಮಾಲೀಕರು ಕಂಡ ತೊಂದರೆಗಳನ್ನು 100 ಕಾರುಗಳಿಗೆ ಇಷ್ಟು ಎಂದು ಅದು ಲೆಕ್ಕ ಹಾಕುತ್ತದೆ. 2023ರಲ್ಲಿ ಅಲ್ಲಿನ ಒಟ್ಟಾರೆ ಸರಾಸರಿ 192 ಇತ್ತು. ಅಂದರೆ ಕಾರಿಗೆ ಹೆಚ್ಚುಕಡಿಮೆ ಎರಡು. ಅದರಲ್ಲಿ ಮುರಿದದ್ದು, ಕೆಟ್ಟದ್ದು ಮಾತ್ರವಲ್ಲದೆ ಬಳಸಲು ಕಷ್ಟವಾಗುವ ಪರದೆ, ಗುಂಡಿಗಳ ಕುರಿತ ದೂರುಗಳೂ ಸೇರಿವೆ. ಹಾಗಿದ್ದರೂ ಹೊಸ ಕಾರಿನಲ್ಲಿ ತೊಂದರೆ ಕಾಣುವುದು ಅಪರೂಪವೇನಲ್ಲ. ಆದ್ದರಿಂದ ನನ್ನ ಸಿಟ್ಟು ತೊಂದರೆಯ ಮೇಲಲ್ಲ. ತೊಂದರೆಯನ್ನು ಹೇಳಿದಾಗ ಎದುರಿಗಿರುವವರು ಅದನ್ನು ಬರೆದುಕೊಳ್ಳುವುದೇ ಇಲ್ಲವಲ್ಲ, ಅದರ ಮೇಲೆ.

ಮೊದಲು ಸದ್ದಿನ ವಿಷಯ. ಮಾಲೀಕರನ್ನು ಅತಿ ಹೆಚ್ಚು ಕಾಡುವುದು, ಅತಿ ಹೆಚ್ಚು ಅವಮಾನಕ್ಕೆ ಗುರಿಮಾಡುವುದು ಇದೇ. ಎರಡು ಭಾಗಗಳ ನಡುವೆ ಸಂದು ಉಳಿದು ಅವು ಒಂದಕ್ಕೊಂದು ಬಡಿದುಕೊಂಡರೆ ಕಟಕಟ. ಎರಡು ಮೇಲ್ಮೈಗಳು ಒತ್ತಿಕೊಂಡು, ಕ್ಷಣ ಅಂಟಿ, ಕ್ಷಣ ಜಾರಿದರೆ ಕಿರಕಿರ. ಎರಡಕ್ಕೂ ಪರಿಹಾರ ಬೇರೆ. ಪ್ಲಾಸ್ಟಿಕ್ ಬಿಸಿಗೆ ಹಿಗ್ಗುತ್ತದೆ, ತಂಪಿಗೆ ಕುಗ್ಗುತ್ತದೆ. ಹಾಗಾಗಿ ಬೆಳಗಿನ ಜಾವ ಕೇಳಿದ ಸದ್ದು ಮಧ್ಯಾಹ್ನ ಇರುವುದಿಲ್ಲ. ಒರಟು ಡಾಂಬರಿನ ಮೇಲೆ ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಬರುವುದು ನುಣ್ಣನೆಯ ರಸ್ತೆಯಲ್ಲಿ ಬರುವುದಿಲ್ಲ. ಮಾಲೀಕರು ಕಾರು ಒಪ್ಪಿಸಿ ಹೋಗುತ್ತಾರೆ. ಮೆಕ್ಯಾನಿಕ್ ಮಧ್ಯಾಹ್ನದ ಬಿಸಿಲಿನಲ್ಲಿ ಅಂಗಳದ ಸುತ್ತ ಒಂದು ಸುತ್ತು ಹೊಡೆಯುತ್ತಾರೆ. ‘ಪರೀಕ್ಷಿಸಲಾಗಿದೆ, ಸದ್ದು ಕಂಡುಬಂದಿಲ್ಲ’ ಎಂದು ಜಾಬ್ ಕಾರ್ಡಿನಲ್ಲಿ, ಅಂದರೆ ದೂರು ಮತ್ತು ಮಾಡಿದ ಕೆಲಸವನ್ನು ದಾಖಲಿಸುವ ಕಾಗದದಲ್ಲಿ, ಬರೆಯುತ್ತಾರೆ. ಬರೆದದ್ದು ಸುಳ್ಳಲ್ಲ. ಆದರೆ ಸದ್ದು ಬರುವ ಸಂದರ್ಭದಲ್ಲಿ ಪರೀಕ್ಷೆ ನಡೆದೇ ಇಲ್ಲ. ಆ ಕಾಗದ ಹಿಡಿದು ಮನೆಗೆ ಮರಳುವ ಮಾಲೀಕರಿಗೆ ತಮ್ಮ ಕಿವಿಯ ಮೇಲೆಯೇ ಅನುಮಾನ ಬರುತ್ತದೆ. ನನಗೆ ಸಹಿಸಲಾಗದ್ದು ಇದು. ಒಬ್ಬ ಮೆಕ್ಯಾನಿಕ್ ಮಾಲೀಕರ ಪಕ್ಕದ ಸೀಟಿನಲ್ಲಿ ಕುಳಿತು, ಅದೇ ರಸ್ತೆಯಲ್ಲಿ, ಅದೇ ಹೊತ್ತಿನಲ್ಲಿ ಹೋಗಿ ಬಂದರೆ ಅರ್ಧ ಕೆಲಸ ಮುಗಿಯುತ್ತದೆ. ಸದ್ದು ಎಲ್ಲಿಯದು ಎಂದು ಗೊತ್ತಾದ ಮೇಲೆ ಒಂದು ಕ್ಲಿಪ್ಪನ್ನು ಸರಿಯಾಗಿ ಕೂರಿಸುವುದರಿಂದಲೋ ಒಂದು ತುಂಡು ಫೆಲ್ಟ್ ಪಟ್ಟಿಯಿಂದಲೋ ಅದು ನಿಂತುಹೋಗುವುದೇ ಹೆಚ್ಚು.

ನೀರಿನ ಕಥೆ ಇಷ್ಟು ಸುಲಭವಲ್ಲ. ಇದು ನನ್ನ ಸ್ವಂತ ಅನುಭವ. ನನ್ನ ಹೊಸ ಸೆಡಾನ್‌ನಲ್ಲಿ ಮಳೆಯ ಮರುದಿನ ಬೆಳಿಗ್ಗೆ ಗಾಜುಗಳ ಒಳಬದಿ ಮಂಜು ಕವಿದಿರುತ್ತಿತ್ತು. ಜೊತೆಗೆ ಒದ್ದೆ ಬಟ್ಟೆಯ ವಾಸನೆ. ‘ಎಸಿ ಹಾಕಿಕೊಳ್ಳಿ, ಹೋಗುತ್ತದೆ’ ಎಂದರು. ಹಾಕಿಕೊಂಡೆ, ಹೋಯಿತು, ಮರುಮಳೆಗೆ ಮತ್ತೆ ಬಂತು. ಮ್ಯಾಟ್ ತೆಗೆದು ಕಾರ್ಪೆಟ್ ಮುಟ್ಟಿದರೆ ಒಣಗಿದೆ. ಕಾರ್ಪೆಟ್ಟಿನ ಅಂಚನ್ನು ಎತ್ತಿ ಕೆಳಗಿನ ಫೋಮನ್ನು ಒತ್ತಿದಾಗ ಬೆರಳುಗಳ ನಡುವೆ ನೀರು ಬಂತು. ಅಷ್ಟು ಹೊತ್ತಿಗೆ ‘ಒದ್ದೆ ಚಪ್ಪಲಿಯ ನೀರಿರಬೇಕು’ ಎಂಬ ಮಾತನ್ನೂ ಕೇಳಿಸಿಕೊಂಡಾಗಿತ್ತು.

ಇಲ್ಲಿ ಒಂದು ಸಂಗತಿ ತಿಳಿದಿರಬೇಕು. ಸನ್‌ರೂಫಿನ, ಅಂದರೆ ಚಾವಣಿಯಲ್ಲಿ ತೆರೆಯುವ ಗಾಜಿನ, ಸುತ್ತಲಿನ ರಬ್ಬರ್ ಎಲ್ಲ ನೀರನ್ನೂ ತಡೆಯುವುದಿಲ್ಲ. ತಡೆಯಬೇಕೆಂದು ಅದನ್ನು ಮಾಡಿಯೂ ಇಲ್ಲ. ಒಳಗೆ ಬಂದ ನೀರನ್ನು ಹಿಡಿಯಲು ಚೌಕಟ್ಟಿನಲ್ಲಿ ಒಂದು ಕಾಲುವೆ ಇರುತ್ತದೆ. ಅದರ ಮೂಲೆಗಳಿಂದ ಸಣ್ಣ ಕೊಳವೆಗಳು ಚಾವಣಿಯನ್ನು ಹೊತ್ತ ಕಂಬಗಳ ಒಳಗೆ ಇಳಿದು ಕಾರಿನ ಕೆಳಗೆ ನೀರು ಬಿಡುತ್ತವೆ. ಜೋಡಣೆಯ ವೇಳೆ ಒಂದು ಕೊಳವೆ ಸರಿಯಾಗಿ ಕೂರದಿದ್ದರೆ, ಮಡಚಿಕೊಂಡರೆ, ನೀರು ಕಂಬದ ಒಳಗಿನಿಂದಲೇ ನೆಲಕ್ಕೆ ಇಳಿಯುತ್ತದೆ. ಸೆಡಾನ್‌ನಲ್ಲಿ ಡಿಕ್ಕಿ ಬೇರೆಯಾಗಿರುವುದರಿಂದ ನೀರಿಗೆ ಇನ್ನೂ ಕೆಲವು ದಾರಿಗಳಿವೆ: ಹಿಂದೀಪದ ಹಿಂದಿನ ಗ್ಯಾಸ್ಕೆಟ್, ಡಿಕ್ಕಿಯ ಬಾಗಿಲಿನ ಸುತ್ತಲಿನ ರಬ್ಬರ್ ಬೀಡಿಂಗ್, ತಗಡುಗಳ ಬೆಸುಗೆಯ ಮೇಲಿನ ಸೀಲರ್. ಅಲ್ಲಿಂದ ಬಂದ ನೀರು ಸ್ಟೆಪ್ನಿಯ ಗುಂಡಿಯಲ್ಲಿ ನಿಲ್ಲುತ್ತದೆ. ಚಕ್ರ ಪಂಕ್ಚರ್ ಆಗುವ ತನಕ ಆ ಗುಂಡಿಯನ್ನು ಯಾರೂ ನೋಡುವುದಿಲ್ಲ.

ವಾಸನೆ ಸಣ್ಣ ವಿಷಯವೆಂದು ತಳ್ಳಿಹಾಕುವವರಿಗೆ ಒಂದು ಮಾತು: ಕಾರ್ಪೆಟ್ಟಿನ ಕೆಳಗೇ ವೈರಿಂಗ್ ಹರಿದಿರುತ್ತದೆ, ಎಷ್ಟೋ ಕಾರುಗಳಲ್ಲಿ ಕನೆಕ್ಟರುಗಳೂ ಅಲ್ಲೇ ಇರುತ್ತವೆ. ಅವು ನೀರಿಗೆ ತುಕ್ಕು ಹಿಡಿದು ಹಸಿರು ಕಟ್ಟಿದರೆ ತಿಂಗಳುಗಳ ಬಳಿಕ ಯಾವುದೋ ದೀಪ ಉರಿಯುತ್ತದೆ, ಯಾವುದೋ ಸೆನ್ಸರ್ ಸುಮ್ಮನಾಗುತ್ತದೆ, ಕಾರಣ ಯಾರಿಗೂ ಸಿಗುವುದಿಲ್ಲ. ನನ್ನ ಕಾರಿನಲ್ಲಿ ಕೊನೆಗೆ ಕೊಳವೆಯನ್ನು ಸರಿಪಡಿಸಿದರು, ಫೋಮ್ ಒಣಗಿಸಿದರು. ಕೆಲಸ ಮಾಡಿದ ಮೆಕ್ಯಾನಿಕ್ ಶ್ರದ್ಧೆಯಿಂದ ಮಾಡಿದರು, ಅವರ ಮೇಲೆ ನನಗೆ ಗೌರವವಿದೆ. ಆದರೆ ಮೊದಲ ಭೇಟಿಯಲ್ಲೇ ಒಬ್ಬರು ಕಾರ್ಪೆಟ್ ಎತ್ತಿ ನೋಡಿದ್ದರೆ?

ಉಳಿದವನ್ನು ಬೇಗ ಹೇಳಿಬಿಡುತ್ತೇನೆ. ಕಾರು ಒಂದು ಬದಿಗೆ ಎಳೆಯುತ್ತಿದ್ದರೆ, ಅಲೈನ್‌ಮೆಂಟ್ ಮಾಡಿಸಿದರೂ ಹೋಗದಿದ್ದರೆ, ಮುಂದಿನ ಎರಡು ಚಕ್ರಗಳನ್ನು ಅದಲುಬದಲು ಮಾಡಿ ನೋಡಲು ಹೇಳಿ. ಟೈರುಗಳು ಒಂದೇ ದಿಕ್ಕಿಗೆ ಉರುಳುವ ಬಗೆಯವಾಗಿರಬಾರದು ಅಷ್ಟೆ. ಎಳೆತದ ದಿಕ್ಕು ಬದಲಾದರೆ ದೋಷ ಟೈರಿನದು. ಹೊಸ ಕಾರಿನಲ್ಲಿ ಒಮ್ಮೆಲೇ ನಾಲ್ಕಾರು ಎಚ್ಚರಿಕೆಯ ದೀಪಗಳು ಹೊತ್ತಿಕೊಂಡರೆ ಗಾಬರಿಯಾಗುವ ಮುನ್ನ 12 ವೋಲ್ಟ್ ಬ್ಯಾಟರಿಯನ್ನು ಪರೀಕ್ಷಿಸಿಸಿ. ಗೋದಾಮಿನಲ್ಲಿ, ಶೋರೂಮಿನಲ್ಲಿ ನಿಂತೇ ಇದ್ದ ಕಾರಿನ ಬ್ಯಾಟರಿ ಸೊರಗಿರುತ್ತದೆ, ವೋಲ್ಟೇಜ್ ಕುಸಿದಾಗ ಕಂಪ್ಯೂಟರುಗಳು ಇಲ್ಲದ ದೋಷಗಳನ್ನೂ ವರದಿ ಮಾಡುತ್ತವೆ. ಕಾರು ತಯಾರಾಗಿ ಎಷ್ಟು ಕಾಲವಾಗಿರಬಹುದೆಂದು ಊಹಿಸಲು ಟೈರಿನ ಬದಿ ನೋಡಿ. ಅಲ್ಲಿನ ನಾಲ್ಕು ಅಂಕಿಗಳಲ್ಲಿ ಮೊದಲ ಎರಡು ಟೈರು ತಯಾರಾದ ವಾರ, ಕೊನೆಯ ಎರಡು ಅಂಕಿ ಅದು ತಯಾರಾದ ವರ್ಷ.

ಇನ್ನು ನನ್ನ ವಾದಕ್ಕೆ ಆಧಾರವಾದ ಎರಡು ಸೆಡಾನ್‌ಗಳ ಚರಿತ್ರೆಯನ್ನು ಹೇಳಬೇಕು.

1989ರ ಸೆಪ್ಟೆಂಬರ್‌ನಲ್ಲಿ ಟೊಯೋಟಾ ತನ್ನ ಹೊಸ ಬ್ರ್ಯಾಂಡ್ ಲೆಕ್ಸಸ್‌ನ ಎಲ್‌ಎಸ್ 400 ಸೆಡಾನನ್ನು ಅಮೆರಿಕದಲ್ಲಿ ಮಾರಾಟಕ್ಕೆ ತಂದಿತು. ಗುಣಮಟ್ಟವೇ ಅದರ ಹೆಗ್ಗಳಿಕೆ. ಕೆಲವೇ ತಿಂಗಳಲ್ಲಿ ಬೆರಳೆಣಿಕೆಯಷ್ಟು ದೂರುಗಳು ಬಂದವು: ವೈರಿಂಗಿನ ದೋಷ, ಹಿಂಬದಿ ಎತ್ತರದಲ್ಲಿ ಅಳವಡಿಸಿದ ಬ್ರೇಕ್ ದೀಪ ಅತಿಯಾಗಿ ಬಿಸಿಯಾಗುವುದು, ವೇಗವನ್ನು ತಾನೇ ಕಾಯ್ದುಕೊಳ್ಳುವ ಕ್ರೂಸ್ ಕಂಟ್ರೋಲ್‌ನ ತೊಂದರೆ. ‘ಒಂದೆರಡು ಕಾರುಗಳಲ್ಲಿ ಮಾತ್ರ’ ಎಂದು ಹೇಳಿ ಕೈತೊಳೆದುಕೊಳ್ಳಬಹುದಿತ್ತು. ಕಂಪನಿ ಹಾಗೆ ಮಾಡಲಿಲ್ಲ. ಅದೇ ಡಿಸೆಂಬರ್‌ನಲ್ಲಿ, ಅಷ್ಟರವರೆಗೆ ಮಾರಿದ್ದ ಸುಮಾರು 8,000 ಕಾರುಗಳನ್ನೂ ರಿಕಾಲ್ ಮಾಡಿತು, ಅಂದರೆ ದುರಸ್ತಿಗಾಗಿ ಹಿಂದಕ್ಕೆ ಕರೆಸಿಕೊಂಡಿತು. ಮಾಲೀಕರ ಮನೆಗೇ ಹೋಗಿ ಕಾರು ತಂದು, ದುರಸ್ತಿ ಮಾಡಿ, ಮರಳಿ ಒಪ್ಪಿಸಿದರು. ಡೀಲರುಗಳು ಹತ್ತಿರವಿಲ್ಲದ ಊರುಗಳಿಗೆ ತಂತ್ರಜ್ಞರನ್ನು ವಿಮಾನದಲ್ಲಿ ಕಳುಹಿಸಿದರು. ಇಡೀ ಕೆಲಸ ಕೆಲವೇ ವಾರಗಳಲ್ಲಿ ಮುಗಿಯಿತು. ಬ್ರ್ಯಾಂಡಿನ ಹೆಸರು ಕೆಡಬೇಕಿದ್ದ ಜಾಗದಲ್ಲಿ ಅದರ ಹೆಸರು ನೆಲೆಯೂರಿತು.

ಎರಡನೆಯದು ಷೆವರ್ಲೆ ಕೊಬಾಲ್ಟ್, ಜನರಲ್ ಮೋಟಾರ್ಸ್‌ನದು. 2004ರಲ್ಲಿ ಹೊರಬಂದ ಈ ಕಾರಿನಲ್ಲಿ ಓಡುತ್ತಿರುವಾಗಲೇ ಎಂಜಿನ್ ನಿಲ್ಲುತ್ತದೆ ಎಂದು ಮಾಲೀಕರು ಹೇಳಿದರು. ಕೀಲಿ ಹಾಕಿ ತಿರುಗಿಸುವ ಇಗ್ನಿಷನ್ ಸ್ವಿಚ್ ಇರಬೇಕಾದಷ್ಟು ಬಿಗಿಯಾಗಿರಲಿಲ್ಲ. ಕೀಲಿಗೊಂಚಲು ಭಾರವಾಗಿದ್ದರೆ, ಮೊಣಕಾಲು ತಾಗಿದರೆ, ಕೀಲಿ ತಾನೇ ತಿರುಗಿಬಿಡುತ್ತಿತ್ತು. ಕಂಪನಿಯೊಳಗೆ ಇದನ್ನು ಸುರಕ್ಷತೆಯ ಸಮಸ್ಯೆ ಎಂದು ನೋಡದೆ ಗ್ರಾಹಕರ ಅನುಕೂಲಕ್ಕೆ ಸಂಬಂಧಿಸಿದ್ದು ಎಂಬ ಪಟ್ಟಿಗೆ ಹಾಕಿದರು. 2005ರಲ್ಲಿ ಡೀಲರುಗಳಿಗೆ ಹೋದ ಸೂಚನೆಯಲ್ಲಿ ಇದ್ದದ್ದು ಕೀಲಿಗೊಂಚಲಿನ ಭಾರ ಇಳಿಸಲು ಗ್ರಾಹಕರಿಗೆ ಹೇಳಿ ಎಂಬ ಸಲಹೆ. ಎಂಜಿನ್ ನಿಂತರೆ ಅಪಘಾತದ ಹೊತ್ತಿಗೆ ಏರ್‌ಬ್ಯಾಗ್ ಕೂಡ ಬಿಚ್ಚಿಕೊಳ್ಳದೆ ಹೋಗಬಹುದು ಎಂಬುದನ್ನು ಜೋಡಿಸಿ ನೋಡಲು ವರ್ಷಗಳೇ ಹಿಡಿದವು. 2006ರಲ್ಲಿ ಸ್ವಿಚ್ಚಿನ ವಿನ್ಯಾಸವನ್ನು ಬದಲಿಸಿದರು, ಆದರೆ ಬಿಡಿಭಾಗದ ಸಂಖ್ಯೆಯನ್ನು ಬದಲಿಸಲಿಲ್ಲ. ಹಾಗಾಗಿ ಹಳೆಯದು ಯಾವುದು, ಹೊಸದು ಯಾವುದು ಎಂದು ಆಮೇಲೆ ತನಿಖೆ ಮಾಡಿದವರಿಗೂ ತಿಳಿಯಲಿಲ್ಲ. ರಿಕಾಲ್ ಶುರುವಾದದ್ದು 2014ರ ಫೆಬ್ರವರಿಯಲ್ಲಿ. ಇಂಥ ಸ್ವಿಚ್ ಇದ್ದ ಬೇರೆ ಮಾಡೆಲ್‌ಗಳನ್ನೂ ಸೇರಿಸಿ ಕಂಪನಿಯ ಪರಿಹಾರ ನಿಧಿಯೇ 124 ಸಾವುಗಳಿಗೆ ಪರಿಹಾರ ಕೊಡಲು ಒಪ್ಪಿಕೊಂಡಿತು.

ಎರಡೂ ಕಡೆ ಮೊದಲು ದೋಷವನ್ನು ಕಂಡವರಲ್ಲಿ ಮಾಲೀಕರಿದ್ದರು. ಒಂದು ಕಡೆ ಅವರ ಮಾತು ಮೇಲಿನವರೆಗೆ ತಲುಪಿತು. ಇನ್ನೊಂದು ಕಡೆ ಅದು ಯಾವುದೋ ಪಟ್ಟಿಯಲ್ಲಿ ಸಿಕ್ಕಿಕೊಂಡಿತು. ಎಲ್ಲ ಕಟಕಟ ಸದ್ದೂ ಜೀವಕ್ಕೆ ಅಪಾಯ ಎಂದು ನಾನು ಹೇಳುತ್ತಿಲ್ಲ. ಆದರೆ ಯಾವುದು ಅಪಾಯ, ಯಾವುದು ಅಲ್ಲ ಎಂಬುದನ್ನು ದೂರು ಬರೆದುಕೊಂಡ ಮೇಲೆ ತೀರ್ಮಾನಿಸಬೇಕೇ ಹೊರತು ಕೌಂಟರಿನ ಬಳಿ ನಿಂತಲ್ಲೇ ಅಲ್ಲ. ಟೊಯೋಟಾದ ಜೋಡಣೆಯ ಸಾಲಿನಲ್ಲಿ ‘ಆಂಡಾನ್’ ಎಂಬ ವ್ಯವಸ್ಥೆ ಇದೆ: ಯಾವ ಕೆಲಸಗಾರನಿಗೆ ದೋಷ ಕಂಡರೂ ಹಗ್ಗ ಎಳೆದು ಮೇಲ್ವಿಚಾರಕನನ್ನು ಕರೆಯಬಹುದು, ಅಲ್ಲಿಯೇ ಬಗೆಹರಿಯದಿದ್ದರೆ ಸಾಲೇ ನಿಲ್ಲುತ್ತದೆ. ಕಾರ್ಖಾನೆಯ ಬಾಗಿಲು ದಾಟಿದ ಮೇಲೆ ಎಳೆಯಲು ಮಾಲೀಕರ ಕೈಗೆ ಯಾವ ಹಗ್ಗವೂ ಇಲ್ಲ. ಜಾಬ್ ಕಾರ್ಡ್ ಒಂದೇ ಇರುವುದು.

ಅದನ್ನೂ ನಾವೇ ಬಿಟ್ಟುಕೊಡುವಂತೆ ಮಾಡುವ ಒತ್ತಡಗಳು ಬೇಕಾದಷ್ಟಿವೆ. ಕಾರು ಒಪ್ಪಿಸುವ ದಿನವೇ ಶೋರೂಮಿನವರು ‘ಕಂಪನಿಯಿಂದ ಫೋನ್ ಬರುತ್ತದೆ ಸರ್, ದಯವಿಟ್ಟು ಪೂರ್ತಿ ಅಂಕ ಕೊಡಿ, ಒಂದು ಕಡಿಮೆಯಾದರೂ ನಮಗೆ ತೊಂದರೆ’ ಎನ್ನುತ್ತಾರೆ. ಆ ಹುಡುಗನ ಮುಖ ನೋಡಿ ಯಾರಾದರೂ ಪೂರ್ತಿ ಅಂಕ ಕೊಟ್ಟೇ ಕೊಡುತ್ತಾರೆ. ಕಂಪನಿಯ ಕಚೇರಿಯಲ್ಲಿ ಆ ಅಂಕ ‘ಗ್ರಾಹಕ ತೃಪ್ತ’ ಎಂದು ದಾಖಲಾಗುತ್ತದೆ. ನೌಕರನ ಸಂಬಳವನ್ನೂ ಕಾರಿನ ಗುಣಮಟ್ಟವನ್ನೂ ಒಂದೇ ಪ್ರಶ್ನೆಗೆ ಗಂಟು ಹಾಕಿದ ಈ ಪದ್ಧತಿ ಇಬ್ಬರಿಗೂ ಅನ್ಯಾಯ ಮಾಡುತ್ತದೆ. ಇನ್ನು, ದೋಷ ಹೇಳಿಕೊಂಡರೆ ಮುಂದೆ ಮಾರುವಾಗ ಬೆಲೆ ಇಳಿಯುತ್ತದೆ ಎಂದು ಬಾಯಿ ಮುಚ್ಚಿಕೊಳ್ಳುವವರಿದ್ದಾರೆ. ಅದೇ ಮಾಡೆಲ್ ಕೊಂಡ ಇತರರು ‘ನನ್ನ ಕಾರಿನಲ್ಲಿ ಏನೂ ಇಲ್ಲ, ನಿಮಗೆ ಓಡಿಸಲು ಬರುವುದಿಲ್ಲ’ ಎಂದು ಮೇಲೆ ಬೀಳುವುದಂತೂ ನಿತ್ಯದ ಮಾತು. ಅವರಿಗೆ ನಾನು ಕೈಮುಗಿದು ಕೇಳುತ್ತೇನೆ: ನಿಮ್ಮ ಕಾರು ಚೆನ್ನಾಗಿದ್ದರೆ ಸಂತೋಷ. ಇನ್ನೊಬ್ಬರ ಕಾರ್ಪೆಟ್ಟಿನ ಕೆಳಗಿನ ನೀರು ಅದರಿಂದ ಒಣಗುವುದಿಲ್ಲ. ನಾಳೆ ನಿಮ್ಮ ಕಾರಿಗೆ ತೊಂದರೆ ಬಂದಾಗ ಈಗಾಗಲೇ ಬರೆಸಿಟ್ಟವರ ದೂರೇ ನಿಮ್ಮ ನೆರವಿಗೆ ಬರುವುದು.

ಹಾಗಾದರೆ ಏನು ಮಾಡಬೇಕು? ಡೆಲಿವರಿ ತೆಗೆದುಕೊಳ್ಳುವುದಿದ್ದರೆ ಹಗಲಿನಲ್ಲಿ ತೆಗೆದುಕೊಳ್ಳಿ. ಬಣ್ಣದ ವ್ಯತ್ಯಾಸ, ತಗಡುಗಳ ನಡುವಿನ ಸಂದು ಶೋರೂಮಿನ ದೀಪಗಳ ಕೆಳಗೆ ಕಾಣುವುದಿಲ್ಲ. ಸಹಿ ಹಾಕುವ ಮೊದಲು ಸ್ಟೆಪ್ನಿಯ ಗುಂಡಿ ತೆರೆಸಿ ನೋಡಿ. ದೋಷ ಕಂಡಾಗ ಮೊಬೈಲಿನಲ್ಲಿ ವೀಡಿಯೊ ತೆಗೆಯಿರಿ, ಅದರಲ್ಲಿ ಓಡೋಮೀಟರ್, ಹೊತ್ತು, ವೇಗ, ಹೊರಗಿನ ತಾಪಮಾನ ಕಾಣಲಿ. ಕಾರು ಓಡಿಸುತ್ತಾ ನೀವೇ ತೆಗೆಯಬೇಡಿ, ಪಕ್ಕದವರಿಗೆ ಕೊಡಿ. ಸರ್ವಿಸ್ ಅಡ್ವೈಸರ್ ‘ಸಾಮಾನ್ಯ ತಪಾಸಣೆ’ ಎಂದು ಬರೆದರೆ ಒಪ್ಪಬೇಡಿ. ನಿಮ್ಮ ಮಾತು ನಿಮ್ಮ ಮಾತಿನಲ್ಲೇ ಇರಲಿ: ‘ಮಳೆಯ ಮರುದಿನ ಎಡ ಮುಂಭಾಗದ ಕಾರ್ಪೆಟ್ಟಿನ ಕೆಳಗೆ ನೀರು.’ ದೋಷ ಸಿಗಲಿಲ್ಲ ಎಂದರೆ ಅದನ್ನೂ ಬರೆಸಿ ಪ್ರತಿ ಇಟ್ಟುಕೊಳ್ಳಿ. ವಾರಂಟಿ ಮುಗಿದ ಬಳಿಕ ಅದೇ ದೋಷ ಮರುಕಳಿಸಿದರೆ ವಾದ ಮಾಡಲು ನಿಮ್ಮ ಬಳಿ ಇರುವುದು ಆ ಕಾಗದಗಳೇ. ಅಮೆರಿಕದ ಕನೆಕ್ಟಿಕಟ್ ರಾಜ್ಯ 1982ರಲ್ಲಿ ಹೊಸ ಕಾರಿನ ಮಾಲೀಕರಿಗಾಗಿ ‘ಲೆಮನ್ ಕಾನೂನು’ ತಂದಿತು. ಸಮಂಜಸವಾದಷ್ಟು ಸಲ ಯತ್ನಿಸಿಯೂ ಕಂಪನಿ ದೋಷ ಸರಿಪಡಿಸಲಾಗದಿದ್ದರೆ ಕಾರು ಬದಲಿಸಬೇಕು ಇಲ್ಲವೇ ಹಣ ಮರಳಿಸಬೇಕು ಎಂಬುದು ಅದರ ತಿರುಳು. ಅಂಥ ಕಾನೂನು ಇರುವಲ್ಲೂ ಯತ್ನಿಸಿದ್ದಕ್ಕೆ ಸಾಕ್ಷಿ ಬೇಕು, ಸಾಕ್ಷಿ ಅಂದರೆ ಜಾಬ್ ಕಾರ್ಡ್.

ಈ ವೀಡಿಯೊದ ಕೆಳಗೆ ನಿಮ್ಮ ಅನುಭವ ಬರೆಯುವುದಾದರೆ ಮಾಡೆಲ್ ಜೊತೆಗೆ ತಯಾರಾದ ತಿಂಗಳು, ವರ್ಷ, ದೋಷ ಕಂಡಾಗ ಓಡಿದ್ದ ಕಿಲೋಮೀಟರ್, ಯಾವ ಸಂದರ್ಭದಲ್ಲಿ ಕಂಡಿತು ಎಂಬುದನ್ನು ಬರೆಯಿರಿ. ಚಾಸಿ ನಂಬರ್, ಫೋನ್ ನಂಬರ್ ಹಾಕಬೇಡಿ. ಸರಿಹೋದ ಮೇಲೆ ಏನು ಮಾಡಿದ್ದರಿಂದ ಸರಿಹೋಯಿತು ಎಂಬುದನ್ನೂ ಮರೆಯದೆ ಸೇರಿಸಿ. ಅದೇ ತೊಂದರೆಯಲ್ಲಿರುವ ಇನ್ನೊಬ್ಬ ಮಾಲೀಕರು ತಮ್ಮ ಸರ್ವಿಸ್ ಸೆಂಟರಿಗೆ ಹೋಗಿ ತೋರಿಸುವುದು ಆ ಕೊನೆಯ ಸಾಲನ್ನೇ.