ನಿಂತಲ್ಲಿಂದಲೇ ಶುರು: ಕೇಂಬ್ರಿಜ್ ಕಾಲೇಜುಗಳ ದೋಣಿ ಸಂಘಗಳು

ಕೇಳುಗರಿಗೆಲ್ಲ ನಮಸ್ಕಾರ.

ಕೇಂಬ್ರಿಜ್ ವಿಶ್ವವಿದ್ಯಾಲಯದ ಕಾಲೇಜುಗಳ ದೋಣಿ ಸಂಘ ಅಂದ ಕೂಡಲೇ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ. ಲಂಡನ್ನಿನ ಥೇಮ್ಸ್ ನದಿಯಲ್ಲಿ ಆಕ್ಸ್‌ಫರ್ಡಿಗೂ ಕೇಂಬ್ರಿಜ್ಜಿಗೂ ನಡೆಯುತ್ತದಲ್ಲ, ಟಿವಿಯಲ್ಲಿ ತೋರಿಸುತ್ತಾರಲ್ಲ, ಆ ಪಂದ್ಯ ತಾನೇ? 1829ರಲ್ಲಿ ಶುರುವಾದದ್ದು, ಈಗ ಪಟ್ನಿಯಿಂದ ಮಾರ್ಟ್‌ಲೇಕಿನವರೆಗೆ 6.8 ಕಿಲೋಮೀಟರ್, ವರ್ಷಕ್ಕೊಂದು ದಿನ. ದಯವಿಟ್ಟು ಅದನ್ನು ಈ ಹೊತ್ತು ಪಕ್ಕಕ್ಕಿಡಿ. ಅದು ವಿಶ್ವವಿದ್ಯಾಲಯದ ಪಂದ್ಯ, ಅದರಲ್ಲಿ ಕೂರುವವರು ಬೆರಳೆಣಿಕೆಯ ಜನ. ಕಾಲೇಜು ಸಂಘದ ಜೀವ ಇರುವುದು ಕೇಂಬ್ರಿಜ್ ಊರಿನ ಕ್ಯಾಮ್ ಅನ್ನುವ ಸಣ್ಣ ನದಿಯಲ್ಲಿ, 'ಬಂಪ್ಸ್' ಅನ್ನುವ ಪಂದ್ಯದಲ್ಲಿ. ಅದರ ಬಗ್ಗೆ ನಾನು ಹೇಳಬೇಕಾದ್ದು ಒಂದೇ ಮಾತು: ಅಲ್ಲಿ ಜಾಗ ಅಳಿಯುವುದಿಲ್ಲ. ಹೋದ ವರ್ಷ ಎಲ್ಲಿ ನಿಂತಿದ್ದಿರೋ ಈ ವರ್ಷ ಅಲ್ಲಿಂದಲೇ ಶುರು.

ಮೊದಲು ದೋಣಿ ಹೇಗಿರುತ್ತದೆ ಕೇಳಿ. ತಲಕಾಡಿನಲ್ಲೋ ಹಂಪಿಯಲ್ಲೋ ನೀವು ಹರಿಗೋಲು ಹತ್ತಿರಬಹುದು. ಅಲ್ಲಿ ಅಂಬಿಗ ಒಬ್ಬನೇ, ಅವನ ಕೈಯಲ್ಲಿ ಹುಟ್ಟು ಒಂದೇ, ಅವನು ಹೋಗುವ ದಿಕ್ಕಿಗೇ ಮುಖ ಮಾಡಿರುತ್ತಾನೆ. ಇಲ್ಲಿ ಎಂಟು ಜನ, ತಲಾ ಒಂದೊಂದು ಹುಟ್ಟು, ಎಂಟೂ ಜನ ಹೋಗುವ ದಿಕ್ಕಿಗೆ ಬೆನ್ನು ಹಾಕಿ ಕೂತಿರುತ್ತಾರೆ. ಮುಂದೆ ನೋಡುವುದು ಒಂಬತ್ತನೆಯವರು ಮಾತ್ರ, ಅವರನ್ನು ಕಾಕ್ಸ್ ಅನ್ನುತ್ತಾರೆ. ಚುಕ್ಕಾಣಿಯ ಹಗ್ಗ ಅವರ ಕೈಯಲ್ಲಿ. ದೋಣಿಯ ಉದ್ದ ಸುಮಾರು 18 ಮೀಟರ್, ಒಂದೂವರೆ ಬಸ್ಸಿನಷ್ಟು. ಅಗಲ ಒಬ್ಬರು ಕೂರುವಷ್ಟೇ. ತೂಕ ನೂರು ಕಿಲೋ ಆಸುಪಾಸು, ಎಂಟು ಜನ ಹೆಗಲ ಮೇಲೆ ಹೊತ್ತು ನದಿಗೆ ತರುತ್ತಾರೆ. ಹುಟ್ಟುಗಳನ್ನು ಎರಡೂ ಕಡೆ ಚಾಚಿದರೆ ಒಂದೇ ದೋಣಿಗೆ ಆರು ಮೀಟರಿಗಿಂತ ಹೆಚ್ಚು ಅಗಲದ ನೀರು ಬೇಕು.

ಕ್ಯಾಮ್ ನದಿಯೋ, ಹೆಚ್ಚುಕಡಿಮೆ ನಮ್ಮ ದೊಡ್ಡ ನೀರಾವರಿ ನಾಲೆಯಂಥದ್ದು, ಅದರ ಮೇಲೆ ತಿರುವು ಬೇರೆ. ಎರಡು ದೋಣಿ ಪಕ್ಕಪಕ್ಕ ಓಡಿಸುವ ಹಾಗಿಲ್ಲ. ಅದಕ್ಕೇ ಒಂದರ ಹಿಂದೆ ಒಂದು ನಿಲ್ಲಿಸಿ, ಹಿಂದಿನವರು ಮುಂದಿನವರನ್ನು ಅಟ್ಟಿಸಿಕೊಂಡು ಹೋಗಿ ಮುಟ್ಟಬೇಕು ಅಂತ ಮಾಡಿದರು. ಮುಟ್ಟಿದರೆ ಬಂಪ್. 1827ರಿಂದ ಇದು ನಡೆದಿದೆ. ವರ್ಷಕ್ಕೆ ಎರಡು ಸಲ: ಚಳಿಗಾಲದ ಕೊನೆಗೆ ಲೆಂಟ್ ಬಂಪ್ಸ್, ಜೂನ್‌ನಲ್ಲಿ ಮೇ ಬಂಪ್ಸ್. ಹೆಸರು ಮೇ, ನಡೆಯುವುದು ಜೂನ್! ಪರೀಕ್ಷೆ ಮುಗಿಯಲಿ ಅಂತ ಮುಂದಕ್ಕೆ ಹಾಕಿದರು, ಹೆಸರು ಮಾತ್ರ ಹಾಗೇ ಉಳಿಯಿತು.

ದೋಣಿಗಳನ್ನು ಡಿವಿಜನ್ ಅನ್ನುವ ಗುಂಪುಗಳಾಗಿ ಮಾಡಿರುತ್ತಾರೆ, ಒಂದು ಗುಂಪಿಗೆ 17 ದೋಣಿ. ಒಂದು ದೋಣಿಗೂ ಇನ್ನೊಂದಕ್ಕೂ ನಡುವೆ ಒಂದೂವರೆ ದೋಣಿ ಉದ್ದದ ನೀರು, ಅಂದರೆ ಸುಮಾರು 27 ಮೀಟರ್. ಪ್ರತಿ ದೋಣಿಗೂ ದಡದಿಂದ ಒಂದು ಸರಪಳಿ, ಅದರ ತುದಿ ಕಾಕ್ಸ್ ಕೈಯಲ್ಲಿ. ನಾಲ್ಕು ನಿಮಿಷ ಇರುವಾಗ ಒಂದು ತೋಪು, ಒಂದು ನಿಮಿಷ ಇರುವಾಗ ಇನ್ನೊಂದು. ಆಮೇಲೆ ದಡದಲ್ಲಿ ನಿಂತವರು ಉದ್ದನೆಯ ಗಳದಿಂದ ದೋಣಿಯನ್ನು ನದಿಯ ನಡುವಿಗೆ ಮೆಲ್ಲನೆ ತಳ್ಳುತ್ತಾರೆ. ಎಡವಟ್ಟಾಗುವುದೇ ಇಲ್ಲಿ. ಬೇಗ ತಳ್ಳಿದರೆ ಸರಪಳಿ ಮುಗಿದು ಎಳೆಯುತ್ತದೆ, ದೋಣಿಯ ಹಿಂಬದಿ ದಡದ ಕಡೆ ತಿರುಗುತ್ತದೆ, ಮೂತಿ ಎತ್ತಲೋ ನೋಡುತ್ತದೆ. ತಡವಾಗಿ ತಳ್ಳಿದರೆ ತೋಪು ಹಾರುವ ಹೊತ್ತಿಗೆ ಸರಪಳಿ ಸಡಿಲ, ದಡದ ಕಡೆಯ ನಾಲ್ಕು ಹುಟ್ಟುಗಳಿಗೆ ನೀರೇ ಸಿಗುವುದಿಲ್ಲ. ಸರಪಳಿ ಆಗಷ್ಟೇ ಬಿಗಿಯಾಗುತ್ತಿರಬೇಕು, ಮೂತಿ ನೆಟ್ಟಗಿರಬೇಕು, ಆಗ ಮೂರನೆಯ ತೋಪು. ಕಾಕ್ಸ್ ಸರಪಳಿ ಬಿಟ್ಟರು, 17 ದೋಣಿ ಒಟ್ಟಿಗೆ ಹೊರಟವು.

ಹುಟ್ಟು ಹಾಕುವವರಿಗೆ ಹಿಂದೆ ಬರುತ್ತಿರುವವರು ಕಾಣುತ್ತಾರೆ, ತಾವು ಅಟ್ಟುತ್ತಿರುವವರು ಕಾಣುವುದಿಲ್ಲ. ಅದನ್ನು ಹೇಳುವುದು ಸೀಟಿ. ದಡದಲ್ಲಿ ಸೈಕಲ್ ಮೇಲೆ ಬರುವ ಗೆಳೆಯರು ಊದುತ್ತಾರೆ. ಒಂದು ಸೀಟಿ ಅಂದರೆ ಇನ್ನು ಒಂದು ದೋಣಿ ಉದ್ದ ಬಾಕಿ. ಎರಡು ಅಂದರೆ ಅರ್ಧ. ಮೂರು ಅಂದರೆ ಕಾಲು. ಬಿಡದೆ ಊದುತ್ತಿದ್ದರೆ ಮೂತಿ ಮುಂದಿನವರ ಬಾಲದ ಪಕ್ಕಕ್ಕೇ ಬಂದಿದೆ ಅಂತ. ಆಗ ಹೊಸಬರು ತಪ್ಪದೆ ಮಾಡುವ ತಪ್ಪು, ಅವಸರ. ಹುಟ್ಟಿನ ಅಗಲದ ತುದಿ ನೀರಿನಿಂದ ಪೂರ್ತಿ ಹೊರಬರುವ ಮೊದಲೇ ಅದನ್ನು ಅಡ್ಡಕ್ಕೆ ತಿರುಗಿಸಿಬಿಡುತ್ತಾರೆ. ನೀರು ಅದನ್ನು ಒಳಕ್ಕೆ ಸೆಳೆಯುತ್ತದೆ, ಹಿಡಿ ಬಂದು ಎದೆಗೆ ಬಡಿಯುತ್ತದೆ, ದೋಣಿ ನಿಂತೇಹೋಗುತ್ತದೆ. ಇದಕ್ಕೆ ಅವರು ಏಡಿ ಹಿಡಿಯುವುದು ಅನ್ನುತ್ತಾರೆ. ಮುಂದೆ ಇನ್ನೊಂದು ಮೀಟರ್ ಇದ್ದಾಗ ಒಬ್ಬರು ಏಡಿ ಹಿಡಿದರೆ ಎಂಟು ತಿಂಗಳ ಮುಂಜಾವಿನ ಅಭ್ಯಾಸ ನೀರಿನ ಪಾಲು.

ಮುಟ್ಟಿದ ಕೂಡಲೇ ಮುಂದಿನ ದೋಣಿಯ ಕಾಕ್ಸ್ ಕೈ ಎತ್ತಿ ಒಪ್ಪಿಕೊಳ್ಳಬೇಕು. ಎರಡೂ ದೋಣಿ ದಡಕ್ಕೆ ಸರಿದು ಮಿಕ್ಕವರಿಗೆ ದಾರಿ ಬಿಡಬೇಕು. ಈ ದಾರಿ ಬಿಡುವ ವಿಷಯ ಬಹಳ ಮುಖ್ಯ, ಇದರ ಹಿಂದೆ ಒಂದು ಸಾವಿದೆ. ಇದನ್ನು ನಾನು ಸಾವಕಾಶವಾಗಿಯೇ ಹೇಳಬೇಕು.

ಆ ಕಾಲದ ದೋಣಿ ಮರದ್ದು. ಮೂತಿ ಸೂಜಿಯ ಹಾಗೆ ಚೂಪು, ಯಾಕೆಂದರೆ ಚೂಪಾದಷ್ಟೂ ನೀರು ಸಲೀಸಾಗಿ ಸೀಳುತ್ತದೆ. ಒಂದು ಬಂಪ್ ಆದಮೇಲೆ ಎರಡು ದೋಣಿಗಳು ಅಡ್ಡಾದಿಡ್ಡಿ ನಿಂತಿರುತ್ತವೆ. ಹಿಂದಿನಿಂದ ಮೂರನೆಯದು, ನಾಲ್ಕನೆಯದು ಪೂರ್ಣ ವೇಗದಲ್ಲಿ ಬರುತ್ತಿರುತ್ತವೆ. ಕಾಕ್ಸ್, ಎಂಟು ಜನ, ದೋಣಿ ಎಲ್ಲ ಸೇರಿ ಏಳೆಂಟುನೂರು ಕಿಲೋ ತೂಕ, ಅದರ ಅಷ್ಟೂ ಒತ್ತಡ ಆ ಸೂಜಿಮೂತಿಯ ಮೇಲೆ. ಎಂಟು ಜನರಿಗೂ ಮುಂದೇನಿದೆ ಕಾಣುವುದಿಲ್ಲ. ಕಾಕ್ಸ್‌ಗೆ ಕಾಣುತ್ತದೆ, ಆದರೆ ಅವರ ಕೈಯಲ್ಲಿರುವ ಚುಕ್ಕಾಣಿ ಅಂಗೈಯಗಲದ್ದು, ತಟ್ಟನೆ ತಿರುಗಿಸಲು ಆಗುವುದಿಲ್ಲ. ದೋಣಿ ನಿಲ್ಲಿಸಬೇಕಾದರೆ ಎಂಟೂ ಜನ ಹುಟ್ಟುಗಳನ್ನು ನೀರಿನಲ್ಲಿ ಒಟ್ಟಿಗೆ ಅದುಮಿ ಹಿಡಿಯಬೇಕು, ಆಗಲೂ ದೋಣಿ ಅದರ ಉದ್ದದಷ್ಟು ಜಾರಿಯೇ ನಿಲ್ಲುವುದು. 1888ರ ಲೆಂಟ್ ಪಂದ್ಯದಲ್ಲಿ ಹೀಗೇ ಆಯಿತು. ಕ್ಲೇರ್ ಕಾಲೇಜಿನ ದೋಣಿಯಲ್ಲಿ ಕೂತಿದ್ದ ಒಬ್ಬ ವಿದ್ಯಾರ್ಥಿಯ ಎದೆಗೆ ಇನ್ನೊಂದು ದೋಣಿಯ ಮೂತಿ ಬಡಿಯಿತು. ಹುಡುಗ ಉಳಿಯಲಿಲ್ಲ.

ಅದಾದ ಮೇಲೆ ಬಂದದ್ದು ಒಂದು ರಬ್ಬರ್ ಚೆಂಡು. ದೋಣಿಯ ಮೂತಿಯ ತುದಿಗೆ ಸಿಕ್ಕಿಸುವ ಬಿಳಿಯ ಚೆಂಡು, ನಿಂಬೆಹಣ್ಣಿನ ಗಾತ್ರ. ಇಂದಿನ ಅಂತರರಾಷ್ಟ್ರೀಯ ನಿಯಮದಲ್ಲಿ ಕನಿಷ್ಠ 4 ಸೆಂಟಿಮೀಟರ್ ಅಡ್ಡಗಲ. ಪುಣೆಯಲ್ಲಿ, ಹೈದರಾಬಾದಿನಲ್ಲಿ, ಭೋಪಾಲದಲ್ಲಿ ನಮ್ಮ ಹುಡುಗರು ಹುಡುಗಿಯರು ಓಡಿಸುವ ದೋಣಿಗಳ ಮೂತಿಯಲ್ಲೂ ಅದಿದೆ. ಚೆಂಡು ಇಲ್ಲದ ದೋಣಿಯನ್ನು ಪಂದ್ಯಕ್ಕೆ ಇಳಿಸುವುದಿಲ್ಲ. ಅಲಂಕಾರಕ್ಕೆ ಇಟ್ಟಿದ್ದಾರೆ ಅಂದುಕೊಳ್ಳುವವರಿದ್ದಾರೆ, ಅದಕ್ಕೇ ಇಷ್ಟು ಬಿಡಿಸಿ ಹೇಳಿದೆ. ಹೊಸ ವಿದ್ಯಾರ್ಥಿ ದೋಣಿಮನೆಗೆ ಬಂದ ಮೊದಲ ವಾರವೇ ಆ ಚೆಂಡನ್ನು ಕೈಯಲ್ಲಿ ಹಿಡಿದು ಅಲುಗಾಡಿಸಿ ನೋಡುವುದನ್ನು ಕಲಿಯಬೇಕು. ಅಲುಗಾಡಿದರೆ ದೋಣಿ ಹೊರಗೆ ತೆಗೆಯಬಾರದು.

ಸರಿ, ಹೊತ್ತು ಓಡುತ್ತಿದೆ. ಮತ್ತೆ ನನ್ನ ಮಾತಿಗೆ ಬರುತ್ತೇನೆ: ಜಾಗ ಅಳಿಯುವುದಿಲ್ಲ. ಬಂಪ್ ಮಾಡಿದವರು, ಮಾಡಿಸಿಕೊಂಡವರು ಮರುದಿನ ಜಾಗ ಅದಲುಬದಲು ಮಾಡಿಕೊಂಡು ನಿಲ್ಲುತ್ತಾರೆ. ಹೀಗೆ ನಾಲ್ಕು ದಿನ. ನಾಲ್ಕನೆಯ ದಿನ ಸಂಜೆ ಎಲ್ಲಿ ನಿಂತರೋ ಮುಂದಿನ ವರ್ಷದ ಮೊದಲ ದಿನ ಅಲ್ಲೇ. ಈಗ ಲೆಕ್ಕ ಹಾಕಿ. ದಿನಕ್ಕೊಂದು ಜಾಗ ಏರಿದರೆ ವರ್ಷಕ್ಕೆ ನಾಲ್ಕು. 13ನೆಯ ಜಾಗದಲ್ಲಿರುವ ದೋಣಿ ಮೊದಲ ಜಾಗಕ್ಕೆ ಏರಲು 12 ಬಂಪ್ ಬೇಕು, ಒಂದು ದಿನವೂ ತಪ್ಪದೆ ಮೂರು ವರ್ಷ. ಅವರ ಪದವಿಯೂ ಮೂರೇ ವರ್ಷ! ಹಾಗಾಗಿ ಬಂದವರಲ್ಲಿ ಬಹುಪಾಲು ಜನ 'ನದಿಯ ತಲೆ' ಅನ್ನುವ ಆ ಮೊದಲ ಜಾಗ ನೋಡುವುದೇ ಇಲ್ಲ. ತಮಗೆ ಸಿಕ್ಕ ಜಾಗವನ್ನು ಎರಡು ಮೆಟ್ಟಿಲು ಮೇಲಕ್ಕೆ ತಂದು ಮುಂದಿನವರ ಕೈಗೆ ಕೊಟ್ಟು ಹೋಗುತ್ತಾರೆ. ಇದು ಪಿತ್ರಾರ್ಜಿತ ಹೊಲದ ಹಾಗೆ. ಜೀಸಸ್ ಕಾಲೇಜು 1875ರಿಂದ 1885ರವರೆಗೆ ಸತತ 11 ವರ್ಷ ತಲೆಯ ಜಾಗ ಬಿಟ್ಟುಕೊಡಲಿಲ್ಲ. ಮೊದಲ ವರ್ಷ ಹುಟ್ಟು ಹಾಕಿದವರು ಯಾರೂ ಕೊನೆಯ ವರ್ಷ ದೋಣಿಯಲ್ಲಿರಲಿಲ್ಲ, ಆದರೂ ಜಾಗ ಅವರದ್ದೇ.

ಹಳೆಯ ವಿದ್ಯಾರ್ಥಿಗಳು ನಲವತ್ತು ವರ್ಷ ಕಳೆದರೂ ಜೂನ್‌ನಲ್ಲಿ ಬಂದು ದಡದಲ್ಲಿ ಯಾಕೆ ನಿಲ್ಲುತ್ತಾರೆ ಅಂತ ಕೇಳುವವರಿಗೆ ಇದೇ ಉತ್ತರ. ಅವರು ಬಿಟ್ಟುಹೋದ ಜಾಗದ ಮೇಲೆ ಈಗಿನ ಮಕ್ಕಳು ಕೂತಿದ್ದಾರೆ. ಹೊಸ ದೋಣಿಗೆ ಒಳ್ಳೆಯ ಕಾರಿನ ಬೆಲೆ ಆಗುತ್ತದೆ, ಅದರ ಹಣ ಬಹುಮಟ್ಟಿಗೆ ಬರುವುದು ಇವರ ಜೇಬಿನಿಂದ. ದೋಣಿಯ ಮೇಲೆ ಅವರಲ್ಲೊಬ್ಬರ ಹೆಸರು ಬರೆಸುತ್ತಾರೆ. ನಾಲ್ಕೂ ದಿನ ಬಂಪ್ ಮಾಡಿದ ತಂಡಕ್ಕೆ 'ಬ್ಲೇಡ್ಸ್' ಸಿಗುತ್ತದೆ: ಒಂದು ಹುಟ್ಟಿನ ಮೇಲೆ ಕಾಲೇಜಿನ ಬಣ್ಣ, ಲಾಂಛನ, ಎಂಟು ಜನರ ಮತ್ತು ಕಾಕ್ಸ್ ಹೆಸರು, ಅವರವರ ತೂಕ, ಬಂಪ್ ಮಾಡಿದ ನಾಲ್ಕು ಕಾಲೇಜುಗಳ ಹೆಸರು, ಎಲ್ಲ ಬರೆಸಿಕೊಳ್ಳುವ ಹಕ್ಕು. ನಾಲ್ಕೂ ದಿನ ಬಂಪ್ ಮಾಡಿಸಿಕೊಂಡವರಿಗೆ 'ಸ್ಪೂನ್ಸ್', ಮರದ ಚಮಚ. ಅದನ್ನೂ ನೆನಪಿಟ್ಟುಕೊಳ್ಳುತ್ತಾರೆ, ಯಾಕೆಂದರೆ ನಾಲ್ಕು ಜಾಗ ಕಳೆದವರು ಅವರೇ.

ಇನ್ನು ಕೆಲವನ್ನು ಓಡುತ್ತಲೇ ಹೇಳುತ್ತೇನೆ. ಸೇಂಟ್ ಜಾನ್ಸ್ ಕಾಲೇಜಿನ ಲೇಡಿ ಮಾರ್ಗರೆಟ್ ದೋಣಿ ಸಂಘ 1825ರದ್ದು. ಅವರ ಕೆಂಡದ ಬಣ್ಣದ ಕೋಟಿನಿಂದಲೇ 'ಬ್ಲೇಜರ್' ಅನ್ನುವ ಮಾತು ಬಂತು, ನಮ್ಮ ಶಾಲೆಯ ಮಕ್ಕಳು ತೊಡುವುದೂ ಅದನ್ನೇ. ಮೇ ಬಂಪ್ಸ್‌ನಲ್ಲಿ ಮಹಿಳೆಯರ ಪಂದ್ಯ 1974ರಲ್ಲಿ ನಾಲ್ಕು ಜನರ ದೋಣಿಯಿಂದ ಶುರುವಾಗಿ 1990ರಲ್ಲಿ ಎಂಟು ಜನರದ್ದಾಯಿತು. ಇದು ಬಹಳ ಮೊದಲೇ ಆಗಬೇಕಿತ್ತು. ನಮ್ಮ ದೇಶದಲ್ಲಿ ಪುಣೆಯ ಇಂಜಿನಿಯರಿಂಗ್ ಕಾಲೇಜಿಗೆ 1928ರಿಂದ ದೋಣಿ ಸಂಘವಿದೆ. ಸರ್ ಎಂ. ವಿಶ್ವೇಶ್ವರಯ್ಯನವರು ಅದಕ್ಕೂ ಎಷ್ಟೋ ಮುಂಚೆ ಓದಿದ ಕಾಲೇಜು ಅದು. ಅದರ ಬಗ್ಗೆಯೇ ಒಂದು ಭಾಷಣ ಬೇಕು, ಇಂದು ಆಗುವುದಿಲ್ಲ.

ನಿಮ್ಮ ಮಕ್ಕಳೋ ಮೊಮ್ಮಕ್ಕಳೋ ಕೇಂಬ್ರಿಜ್ಜಿನಲ್ಲಿ ಓದುತ್ತಿದ್ದು, ನೀವು ಜೂನ್‌ನಲ್ಲಿ ಅಲ್ಲಿಗೆ ಹೋದರೆ, ಫೆನ್ ಡಿಟನ್ ಹಳ್ಳಿಯ ಡಿಟನ್ ತಿರುವಿನಲ್ಲಿ ನಿಲ್ಲಿ. ಸೈಕಲ್ ಓಡುವ ದಡಕ್ಕೆ ಹೋಗಬೇಡಿ, ಸೀಟಿ ಊದುವವರು ಮುಂದೆ ನೋಡದೆ ದೋಣಿಯನ್ನೇ ನೋಡುತ್ತ ಬರುತ್ತಾರೆ. ಎದುರು ದಡದ ಹುಲ್ಲಿನ ಮೇಲೆ ಜಾಗ ಹಿಡಿಯಿರಿ. ಪಂದ್ಯ ಮುಗಿದ ಮೇಲೆ ಊರಿನ ಕಡೆಗೆ ಮೆಲ್ಲಗೆ ಮರಳುವ ದೋಣಿಗಳನ್ನು ನೋಡಿ. ಯಾರ ತಲೆಯಲ್ಲಿ ದಡದ ವಿಲೋ ಮರದ ಸೊಪ್ಪು ಸಿಕ್ಕಿಸಿದೆಯೋ ಅವರು ಅಂದು ಬಂಪ್ ಮಾಡಿದವರು. ಪಕ್ಕದಲ್ಲಿ ವಯಸ್ಸಾದವರು ಯಾರಾದರೂ ಮಾಸಿದ ಬ್ಲೇಜರ್ ತೊಟ್ಟು ನಿಂತಿದ್ದರೆ, ಅವರ ಕಾಲೇಜು ಈಗ ಎಷ್ಟನೆಯ ಜಾಗದಲ್ಲಿದೆ ಅಂತ ಕೇಳಿ. ಕೂಡಲೇ ಹೇಳುತ್ತಾರೆ. ತಾವು ಬಿಟ್ಟಾಗ ಎಷ್ಟಿತ್ತು ಅನ್ನುವುದನ್ನೂ ಹೇಳುತ್ತಾರೆ.

ನಮಸ್ಕಾರ.