ತಡೆಹಿಡಿದ ಒಂದು ಸರ್ಟಿಫಿಕೇಟ್

ಎಲ್ಲರಿಗೂ ನಮಸ್ಕಾರ. ಕೆಲಸ ಬದಲಿಸಿದವರಿಗೆ ರಿಲೀವಿಂಗ್ ಲೆಟರ್ ಅಂದರೇನು ಅಂತ ನಾನು ಹೇಳಬೇಕಿಲ್ಲ, ಅಲ್ವಾ? ಫುಟ್‌ಬಾಲ್‌ನಲ್ಲೂ ಅಂಥದ್ದೊಂದು ಕಾಗದವಿದೆ, ಟ್ರಾನ್ಸ್‌ಫರ್ ಸರ್ಟಿಫಿಕೇಟ್. ಆಟಗಾರ ಬೇರೆ ದೇಶದ ಕ್ಲಬ್ ಸೇರಬೇಕಾದರೆ ಹಳೆಯ ದೇಶದ ಫೆಡರೇಷನ್ ಅದನ್ನು ಕಳಿಸಬೇಕು. ಅದು ಬರಲಿಲ್ಲವೋ, ಆಗೆಲ್ಲ ಮೈದಾನಕ್ಕೆ ಇಳಿಯುವ ಹಾಗಿರಲಿಲ್ಲ.

ಬೆಲ್ಜಿಯಂನ ಜಾನ್-ಮಾರ್ಕ್ ಬೋಸ್ಮನ್ ಲಿಯೇಜ್ ಕ್ಲಬ್‌ನಲ್ಲಿ ಆಡುತ್ತಿದ್ದ. ಬೋನಸ್ ಸೇರಿ ತಿಂಗಳಿಗೆ ಸರಾಸರಿ 1,20,000 ಬೆಲ್ಜಿಯಂ ಫ್ರಾಂಕ್ ಸಿಗುತ್ತಿತ್ತು. 1990ರ ಜೂನ್ 30ಕ್ಕೆ ಒಪ್ಪಂದ ಮುಗಿಯುವುದಿತ್ತು. ಮುಂದಿನ ವರ್ಷಕ್ಕೆ ಕ್ಲಬ್ ತಿಂಗಳಿಗೆ 30,000 ಕೊಡುತ್ತೇವೆ ಅಂದಿತು. ಅದಕ್ಕಿಂತ ಕಡಿಮೆ ಕೊಡಲು ಫೆಡರೇಷನ್ ನಿಯಮವೇ ಬಿಡುತ್ತಿರಲಿಲ್ಲ! ಬೋಸ್ಮನ್ ಒಲ್ಲೆ ಅಂದ. ಆಗ ಕ್ಲಬ್ ಆತನನ್ನು ಮಾರಾಟದ ಪಟ್ಟಿಗೆ ಹಾಕಿತು. ಹೊಸ ಕ್ಲಬ್‌ನಿಂದ ಕೇಳಿದ ಬೆಲೆ, ಅಂದರೆ ಟ್ರಾನ್ಸ್‌ಫರ್ ಹಣ, 1,17,43,000 ಫ್ರಾಂಕ್. ಸಂಬಳ ಕೊಡುವಾಗ ಅಗ್ಗ, ಮಾರುವಾಗ ಚಿನ್ನ.

ಫ್ರಾನ್ಸಿನ ಎರಡನೇ ದರ್ಜೆಯ ಡಂಕರ್ಕ್ ಕ್ಲಬ್ ಕರೆದುಕೊಳ್ಳಲು ಮುಂದೆ ಬಂತು. ಅವರು ದುಡ್ಡು ಕೊಡುತ್ತಾರೋ ಇಲ್ಲವೋ ಎಂಬ ಅನುಮಾನದಲ್ಲಿ ಲಿಯೇಜ್, ಸರ್ಟಿಫಿಕೇಟ್ ಕಳಿಸಿ ಎಂದು ಫೆಡರೇಷನ್‌ಗೆ ಹೇಳಲೇ ಇಲ್ಲ. ಮಾತುಕತೆ ಅಲ್ಲಿಗೆ ಮುರಿಯಿತು. ಸಾಲದ್ದಕ್ಕೆ ಜುಲೈ 31ಕ್ಕೆ ಬೋಸ್ಮನ್‌ನನ್ನು ಸಸ್ಪೆಂಡ್ ಬೇರೆ ಮಾಡಿದರು. ಒಪ್ಪಂದ ಮುಗಿದು ಒಂದು ತಿಂಗಳಾಗಿತ್ತು, ನೆನಪಿರಲಿ.

ಕೇಸು ಲಕ್ಸಂಬರ್ಗ್‌ನಲ್ಲಿರುವ ಯುರೋಪಿಯನ್ ಒಕ್ಕೂಟದ ನ್ಯಾಯಾಲಯದವರೆಗೆ ಹೋಯಿತು. ಟ್ರಾನ್ಸ್‌ಫರ್ ಹಣವಿಲ್ಲದಿದ್ದರೆ ಸಣ್ಣ ಕ್ಲಬ್‌ಗಳು ಉಳಿಯುವುದಿಲ್ಲ, ಹುಡುಗರನ್ನು ತಯಾರು ಮಾಡುವವರೂ ಇರುವುದಿಲ್ಲ ಎಂದು ಫುಟ್‌ಬಾಲ್ ಸಂಸ್ಥೆಗಳು ವಾದಿಸಿದವು. ಇದು ಸುಮ್ನೆ ತಳ್ಳಿಹಾಕುವ ಮಾತಲ್ಲ. ನ್ಯಾಯಾಲಯವೂ ಆ ಉದ್ದೇಶಗಳನ್ನು ಒಪ್ಪಿತು. ಆದರೆ ಈ ಹಣಕ್ಕೂ ತರಬೇತಿಯ ನಿಜವಾದ ಖರ್ಚಿಗೂ ಸಂಬಂಧವಿಲ್ಲ ಎಂದಿತು. ಸಂಬಳಕ್ಕೆ ಆಡುವವನು ಕೆಲಸಗಾರ. ಕೆಲಸಕ್ಕಾಗಿ ಒಕ್ಕೂಟದ ಒಂದು ಸದಸ್ಯ ದೇಶದಿಂದ ಇನ್ನೊಂದಕ್ಕೆ ಹೋಗುವ ಹಕ್ಕು ಅವನಿಗೂ ಇದೆ. ಹಾಗಾಗಿ ಒಪ್ಪಂದ ಮುಗಿದ ಮೇಲೆ ಬಿಡುಗಡೆಗೆ ಹಣ ಕೇಳುವಂತಿಲ್ಲ. ತಂಡದಲ್ಲಿ ಬೇರೆ ಸದಸ್ಯ ದೇಶದವರಿಗೆ ಇದ್ದ ಮಿತಿಯೂ ಹೋಯಿತು.

ತೀರ್ಪು ಬಂದದ್ದು 1995ರ ಡಿಸೆಂಬರ್ 15ಕ್ಕೆ. ಮರುವರ್ಷವೇ ಆಟಗಾರ ಎಡ್ಗರ್ ಡೇವಿಡ್ಸ್ ನೆದರ್‌ಲ್ಯಾಂಡ್ಸ್‌ನ ಅಯಾಕ್ಸ್ ಕ್ಲಬ್ ಬಿಟ್ಟು ಇಟಲಿಯ ಮಿಲಾನ್‌ಗೆ ಹೋದ, ಅಯಾಕ್ಸ್‌ಗೆ ಬಿಡಿಗಾಸೂ ಸಿಗಲಿಲ್ಲ. ಬೋಸ್ಮನ್‌ಗೆ ಆಗ 31. ಆಡುವ ವಯಸ್ಸೆಲ್ಲ ಕೋರ್ಟು ಅಲೆಯುವುದರಲ್ಲೇ ಕಳೆದಿತ್ತು.

ಸರಿ, ಒಪ್ಪಂದದ ನಡುವೆಯೇ ಜಗಳವಾದರೆ? ಅದನ್ನು ಈ ತೀರ್ಪು ಮುಟ್ಟಲಿಲ್ಲ. 2014ರಲ್ಲಿ ಫ್ರಾನ್ಸಿನ ಆಟಗಾರ ಲಸಾನಾ ಡಿಯಾರಾ ಮತ್ತು ರಷ್ಯಾದ ಲೊಕೊಮೊಟಿವ್ ಮಾಸ್ಕೋ ಕ್ಲಬ್ ನಡುವೆ ಆದದ್ದು ಅದೇ. ಆತ ಆ ಕ್ಲಬ್‌ಗೆ ಪರಿಹಾರವಾಗಿ 1.05 ಕೋಟಿ ಯೂರೋ ಕಟ್ಟಬೇಕು ಎಂದು ಫಿಫಾದ ಆದೇಶವಾಯಿತು. ಅಷ್ಟರೊಳಗೆ ಬೆಲ್ಜಿಯಂನ ಶಾರ್ಲೆರುವಾ ಕ್ಲಬ್ ಅವನನ್ನು ಕರೆದಿತ್ತು. ಆದರೆ ಆಗಿನ ಫಿಫಾ ನಿಯಮದ ಪ್ರಕಾರ ಹೊಸ ಕ್ಲಬ್ಬೂ ಆ ಹಣಕ್ಕೆ ಹೊಣೆಯಾಗುತ್ತಿತ್ತು! ನಮ್ಮ ತಲೆಗೆ ಬರುವುದಿಲ್ಲ ಎಂದು ಬರೆದುಕೊಡಿ ಅಂತ ಕ್ಲಬ್ ಕೇಳಿತು. ಸಿಗಲಿಲ್ಲ. ಈ ಸಲವೂ ವಕೀಲ ಬೋಸ್ಮನ್ ಕೇಸಿನ ಜಾನ್-ಲೂಯಿ ಡ್ಯುಪಾಂ. 2024ರ ಅಕ್ಟೋಬರ್ 4ಕ್ಕೆ ಅದೇ ನ್ಯಾಯಾಲಯ, ಈ ನಿಯಮಗಳು ಅಗತ್ಯಕ್ಕಿಂತ ಜಾಸ್ತಿ ಬಿಗಿಯಾಗಿವೆ ಎಂದಿತು. ಡಿಸೆಂಬರ್‌ನಲ್ಲಿ ಫಿಫಾ ತಾತ್ಕಾಲಿಕ ನಿಯಮ ತಂದಿತು. ಅದರ ಪ್ರಕಾರ ಹಳೆಯ ಫೆಡರೇಷನ್ ಸರ್ಟಿಫಿಕೇಟ್ ಕೊಡುವುದಿಲ್ಲ ಅನ್ನುವಂತಿಲ್ಲ.