ಹಂಚುವ ಮೊದಲು ಕೇಳಿ

ಎಲ್ಲರಿಗೂ ನಮಸ್ಕಾರ. ಗುಡಿ ಕಮಿಟಿಯವರು, ಮಸೀದಿ ಕಮಿಟಿಯವರು, ಚರ್ಚಿನ ಯುವಕರು, ಮಹಿಳಾ ಸಂಘದ ಅಕ್ಕಂದಿರು ಎಲ್ಲಾ ಒಂದೇ ಕಡೆ ಸಿಕ್ಕಿದ್ದೀರಿ. ಸೌಹಾರ್ದದ ಬಗ್ಗೆ ನಾಲ್ಕು ಒಳ್ಳೆ ಮಾತಾಡಿ ಶಾಲು ಹೊದೆಸಿಕೊಂಡು ಹೋಗಬಹುದಿತ್ತು. ಆದರೆ ನನ್ನದೊಂದು ಹಳೇ ತಕರಾರಿದೆ. ನಮ್ಮ ಗುಡಿ, ಮಠ, ಮಸೀದಿಗಳು ಹಂಚುವುದರಲ್ಲಿ ಮುಂದು, ಕೇಳುವುದರಲ್ಲಿ ಹಿಂದು. ಅಲ್ಲಿ ಯಾರೋ ನಗುತ್ತಿದ್ದಾರೆ. ಚಂದಾ ಬಿಡಿ ಸ್ವಾಮಿ, ಅದನ್ನು ಕೇಳುವುದು ನಮಗೆ ಯಾರೂ ಕಲಿಸಬೇಕಿಲ್ಲ! ನಾನು ಹೇಳುತ್ತಿರುವುದು ಜನರ ಶ್ರಮ ಕೇಳುವ ವಿಷಯ.

ಕೊಪ್ಪಳದ ಗವಿಮಠದ ಜಾತ್ರೆ ಎಷ್ಟು ಜನ ನೋಡಿದ್ದೀರಿ? ಪರವಾಗಿಲ್ಲ, ತುಂಬಾ ಕೈ ಎದ್ದವು. ಅಲ್ಲಿ ದಾಸೋಹಕ್ಕೆ ಬರುವ ರೊಟ್ಟಿ ಮಠದ ಒಲೆಯಲ್ಲಿ ಬೆಂದದ್ದಲ್ಲ, ಅಲ್ವಾ? ಜಾತ್ರೆ ಹತ್ತಿರ ಬಂತು ಅಂದರೆ ಸುತ್ತಲ ಹಳ್ಳಿಗಳಲ್ಲಿ ಹೆಂಗಸರು ಒಟ್ಟಿಗೆ ಕೂತು ಜೋಳದ ರೊಟ್ಟಿ ಬಡಿಯುತ್ತಾರೆ, ಖಡಕ್ ಆಗುವ ತನಕ ಒಣಗಿಸುತ್ತಾರೆ, ಆಮೇಲೆ ಊರಿನವರು ಅದನ್ನು ಟ್ರ್ಯಾಕ್ಟರಿಗೆ ಹೇರಿಕೊಂಡು ಮಠಕ್ಕೆ ತಂದು ಒಪ್ಪಿಸುತ್ತಾರೆ. ದಾಸೋಹದಲ್ಲಿ ಆ ರೊಟ್ಟಿ ಗೋಡೆ ಕಟ್ಟಿದ ಹಾಗೆ ನಿಂತಿರುತ್ತದೆ. (ಮಿರ್ಚಿ ಬಜ್ಜಿಯ ದಿನ ಹೋದವರು ಯಾರು ಅಂತ ಮುಖ ನೋಡಿದರೇ ಗೊತ್ತಾಗುತ್ತಿದೆ.) ರೊಟ್ಟಿ ಬಡಿದ ಹೆಣ್ಣುಮಗಳು ಪಂಕ್ತಿಯಲ್ಲಿ ಕೂತರೆ ಅವಳಿಗೆ ಬಿಟ್ಟಿ ಊಟ ಅನ್ನಿಸುವುದಿಲ್ಲ, ಅದು ಅವಳದೇ ಮನೆ.

ಈ ರೂಢಿ ಮೊದಲೇ ಇದ್ದದ್ದಕ್ಕೇ 2019ರಲ್ಲಿ ಅದೇ ಕೊಪ್ಪಳದ ಕಡೆಯ ಹಿರೇಹಳ್ಳದ ಕೆಲಸ ಸಾಧ್ಯವಾಯಿತು ಅನ್ನುವುದು ನನ್ನ ಲೆಕ್ಕ. ಹೂಳು, ಜಾಲಿ ತುಂಬಿ ಹಳ್ಳ ಇದೆಯೋ ಇಲ್ಲವೋ ಅನ್ನುವ ಹಾಗಿತ್ತು. ಗವಿಮಠದ ಅಭಿನವ ಗವಿಸಿದ್ಧೇಶ್ವರ ಸ್ವಾಮೀಜಿ ಕರೆದರು, ತಾವೂ ಹಳ್ಳಕ್ಕೆ ಇಳಿದರು. ರೈತರು ಬಂದರು, ಜೆಸಿಬಿ ಬಂದವು, 20 ಕಿಲೋಮೀಟರಿಗೂ ಜಾಸ್ತಿ ಹಳ್ಳ ಸ್ವಚ್ಛವಾಯಿತು. ವರ್ಷವರ್ಷ ರೊಟ್ಟಿ ಕೊಟ್ಟು ಅಭ್ಯಾಸವಾದ ಊರಿಗೆ ಸಲಿಕೆ ಹಿಡಿಯಿರಿ ಅಂದರೆ ಹೊಸದೇನೂ ಅನ್ನಿಸುವುದಿಲ್ಲ. 2021ರಲ್ಲಿ ಅದೇ ಮಠದ ಜಾಗದಲ್ಲಿ ಕೋವಿಡ್ ಆಸ್ಪತ್ರೆಯೂ ನಡೆಯಿತು, ಅದನ್ನು ಬಿಡಿಸಿ ಹೇಳಲು ಈಗ ಟೈಮಿಲ್ಲ.

ಎಲ್ಲಾ ಕಡೆ ಗವಿಮಠ ಇಲ್ಲವಲ್ಲ ಸಾರ್ ಅಂತ ಕೇಳುತ್ತೀರಿ. ಇಲ್ಲ, ನಿಜ. ಸ್ವಾಮೀಜಿ ಒಬ್ಬರ ಮಾತಿನ ಮೇಲೇ ಎಲ್ಲಾ ನಿಂತರೆ ಅದೂ ಕಷ್ಟವೇ. ಅದಕ್ಕೇ ಸಂಘಗಳು ಬೇಕು. ಕರೆಯುವುದು ಗುಡಿ, ಮಸೀದಿಯ ಕೆಲಸವಾಗಲಿ. ಲೆಕ್ಕದ ಪುಸ್ತಕ, ಬೀಗದ ಕೈ ಓಣಿಯ ಸಂಘದ ಹತ್ತಿರ ಇರಲಿ. ಕಲ್ಯಾಣ ಮಂಟಪ ಮದುವೆ ಇಲ್ಲದ ದಿನ ಖಾಲಿ ಬಿದ್ದಿರುತ್ತದೆ, ಸಂಜೆ ಟ್ಯೂಷನ್ನಿಗೆ ಕೊಡಿ, ಪಾಠ ಹೇಳುವವರನ್ನು ಓಣಿಯಲ್ಲೇ ಕೇಳಿ. ನೋಟ್‌ಬುಕ್ ಹಂಚಿ ಫೋಟೋ ತೆಗೆಸಿಕೊಳ್ಳುವುದು ಸುಲಭ, ಅದನ್ನು ಸ್ವಲ್ಪ ದಿನ ನಿಲ್ಲಿಸಿ.

ಟೈಮ್ ಮುಗಿಯಿತು ಅಂತ ಚೀಟಿ ಬಂತು. ರಾಜಕಾಲುವೆ, ವೃದ್ಧರ ಆರೈಕೆ ಎರಡೂ ಉಳಿದವು, ಸಂವಾದದಲ್ಲಿ ಕೇಳಿ. ಹೊರಗೆ ಟೀ ಇದೆಯಂತೆ. ಲೋಟ ತೊಳೆಯಲು ಇಬ್ಬರು ಬೇಕಂತೆ.